ಕಾಲೇಜಿನ ಚಿತ್ರಪ್ರದರ್ಶನದ ಬಗ್ಗೆ ಚಿಕ್ಕಮ್ಮನ ಉತ್ತರ

ಎಲ್ಲರಿಗೂ ನಮಸ್ಕಾರ. ಟೈಪ್ ಮಾಡಲು ಕಣ್ಣು ಸಹಕರಿಸುವುದಿಲ್ಲವಾದ್ದರಿಂದ ಮಾತಿನಲ್ಲೇ ಹೇಳುತ್ತಿದ್ದೇನೆ, ಉದ್ದವಾದರೆ ಬೇಸರಿಸಬೇಡಿ. ಪುಟ್ಟ, ನಿಮ್ಮ ಕಾಲೇಜಿನಲ್ಲಿ ಊರಿನವರನ್ನೂ ಕರೆದು ‘ಘಟಶ್ರಾದ್ಧ’ ಸಿನಿಮಾ ತೋರಿಸುವಾಗ ಉಪನ್ಯಾಸ ಮೊದಲಿರಬೇಕೋ, ಚಿತ್ರ ಮೊದಲಿರಬೇಕೋ ಎಂದು ಕೇಳಿದ್ದೀಯೆ. ಮೊಬೈಲಿನಲ್ಲೇ ಸಿನಿಮಾ ಸಿಗುವ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಭಾವ ಕೇಳಿದ್ದಾರೆ.

ನನ್ನ ಮಟ್ಟಿಗೆ ಚಿತ್ರವೇ ಮೊದಲು. ನಾನು ಪಾಠ ಮಾಡುತ್ತಿದ್ದ ಕಡೆ ಒಮ್ಮೆ ಇದೇ ಚಿತ್ರಕ್ಕೆ ಬಂದ ಅತಿಥಿಗಳು ಮುಕ್ಕಾಲು ಗಂಟೆ ಮಾತನಾಡಿ, ಕಥೆಯ ಯುವ ವಿಧವೆ ಯಮುನಕ್ಕನ ಗತಿ ಏನಾಗುತ್ತದೆ ಎಂಬುದನ್ನೂ ಹೇಳಿಬಿಟ್ಟರು. ದೀಪ ಆರಿಸುವ ಹೊತ್ತಿಗೆ ಹಿಂದಿನ ಸಾಲುಗಳು ಖಾಲಿಯಾಗಿದ್ದವು. ವೇದ ಕಲಿಯಲು ಬಂದ ಪುಟ್ಟ ಹುಡುಗ ನಾಣಿಗೆ ಕಂಡಷ್ಟನ್ನೇ ನಮಗೂ ಕಾಣಿಸುತ್ತ ಹೋಗುವುದರಲ್ಲಿ ಆ ಚಿತ್ರದ ಶಕ್ತಿಯಿದೆ. ಅದನ್ನು ಮೊದಲೇ ಬಿಡಿಸಿ ಹೇಳಿದರೆ, ನೋಡುವವರು ಹುಡುಗನ ಕಣ್ಣಿನಿಂದಲ್ಲ, ಉಪನ್ಯಾಸಕರ ಕನ್ನಡಕದಿಂದ ನೋಡುತ್ತಾರೆ. ಅನಂತಮೂರ್ತಿಯವರ ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ತಮ್ಮ ಮೊದಲ ಕಥಾಚಿತ್ರವಾಗಿ ಮಾಡಿದರು, ಅದಕ್ಕೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯಾದ ಸ್ವರ್ಣಕಮಲ ಬಂತು, ಪುನರುಜ್ಜೀವಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನಗೊಂಡಿತು. ಆರಂಭಕ್ಕೆ ಇಷ್ಟು ಸಾಕು. ಬಹಿಷ್ಕಾರ, ವೈಧವ್ಯ, ಅಗ್ರಹಾರದ ವಿಚಾರಗಳೆಲ್ಲ ಆಮೇಲೆ ಬರಲಿ, ಅದೂ ಇಪ್ಪತ್ತು ನಿಮಿಷ ಮೀರದಿರಲಿ.

ಭಾವ, ಮೊಬೈಲಿನಲ್ಲಿ ಸಿನಿಮಾ ಸಿಗಬಹುದು, ನೋಡಿದ ಮೇಲೆ ವಾದ ಮಾಡಲು ಪಕ್ಕದಲ್ಲಿ ಜನ ಸಿಗುವುದಿಲ್ಲ. ಹೆಗ್ಗೋಡಿನಂಥ ಹಳ್ಳಿಯಲ್ಲಿ ಕೆ.ವಿ. ಸುಬ್ಬಣ್ಣನವರು ನೀನಾಸಮ್ ಚಿತ್ರಸಮಾಜ ಕಟ್ಟಿ, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದ್ದೂರ್ ಅವರನ್ನು ಕರೆಸಿ ಸಿನಿಮಾ ನೋಡಿ ಸವಿಯುವುದನ್ನು ಕಲಿಸುವ ರಸಗ್ರಹಣ ಶಿಬಿರ ನಡೆಸಿದಾಗ, ಒಟ್ಟಿಗೆ ನೋಡುವುದಕ್ಕೂ ನೋಡಿದ್ದನ್ನು ಮಾತಾಡುವುದಕ್ಕೂ ಸಮಾನ ಬೆಲೆಯಿತ್ತು. ಅದಕ್ಕೂ ಎಷ್ಟೋ ಮುಂಚೆ, 1930ರ ದಶಕದಲ್ಲೇ, ಮೈಸೂರು ವಿಶ್ವವಿದ್ಯಾನಿಲಯದ ಅಧ್ಯಾಪಕರು ಊರೂರಿಗೆ ಹೋಗಿ ಪ್ರಚಾರೋಪನ್ಯಾಸ, ಎಂದರೆ ಜನಸಾಮಾನ್ಯರಿಗೆ ತಿಳಿವಳಿಕೆ ಹಂಚುವ ಉಪನ್ಯಾಸ, ಮಾಡುತ್ತಿದ್ದರು, ಅವು ಕಿರುಹೊತ್ತಗೆಗಳಾಗಿಯೂ ಬಂದವು. ಆಗ ಕಾಲೇಜೇ ಊರಿಗೆ ಹೋಗುತ್ತಿತ್ತು; ಈಗ ಊರಿನವರು ಕಾಲೇಜಿಗೆ ಬಂದರೆ ಗೇಟಿನಲ್ಲಿ ಐಡಿ ಕಾರ್ಡು ಕೇಳುತ್ತಾರೆ.

ಪುಟ್ಟ, ಇದು ತಮಾಷೆಯಲ್ಲ. ‘ಸರ್ವರಿಗೂ ಸ್ವಾಗತ’ ಎಂಬ ಬ್ಯಾನರಿನ ಕೆಳಗೇ ನನ್ನ ನೆರೆಮನೆಯ ಹೆಂಗಸರನ್ನು ಒಮ್ಮೆ ವಾಪಸು ಕಳಿಸಿದ್ದರು. ಕಾವಲಿನವರಿಗೆ ಹಿಂದಿನ ದಿನವೇ ಹೇಳಿಡು, ಪ್ರಿನ್ಸಿಪಾಲರಿಂದ ಒಂದು ಚೀಟಿಯನ್ನೂ ಬರೆಸಿಕೋ. ಹಳ್ಳಿಯ ಕಡೆಯ ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ವಿಚಾರಿಸಿ, ಚರ್ಚೆ ಅದಕ್ಕಿಂತ ಅರ್ಧ ಗಂಟೆ ಮುಂಚೆ ಮುಗಿಯುವಂತೆ ಚಿತ್ರ ಶುರುಮಾಡಿ. ನಾನು ಅಕ್ಕನನ್ನು ಕರೆದುಕೊಂಡು ಬರುತ್ತೇನೆ. ಅವಳ ಮಂಡಿನೋವಿಗೆ ಬಾಗಿಲ ಬಳಿ ಎರಡು ಕುರ್ಚಿ ಹಿಡಿದಿಡು.