ಸಹಾಯ ಬೇಕು: ಸರ್ಕ್ಯೂಟ್ ಟ್ರೈನಿಂಗ್‌ನಲ್ಲಿ ಮೈ ಕಟ್ಟಬಹುದಾ?

ನಮಸ್ಕಾರ. ಮಂಡ್ಯದಿಂದ ದಿನಾ ಮೈಸೂರಿಗೆ ರೈಲಲ್ಲಿ ಕೆಲಸಕ್ಕೆ ಹೋಗುತ್ತೇನೆ, ಹಾಗಾಗಿ ವ್ಯಾಯಾಮಕ್ಕೆ ಬೆಳಿಗ್ಗೆ ಅರ್ಧ ಗಂಟೆ ಸಿಕ್ಕರೆ ಜಾಸ್ತಿ. ಮನೆಯಲ್ಲಿರುವುದು ಒಂದು ಜೊತೆ 10 ಕೆಜಿ ಡಂಬೆಲ್. ಸ್ಕ್ವಾಟ್, ದಂಡ, ರೋ (ಬಗ್ಗಿ ಡಂಬೆಲ್ ಹೊಟ್ಟೆಯ ಕಡೆ ಎಳೆಯುವುದು), ಶೋಲ್ಡರ್ ಪ್ರೆಸ್ ಒಂದರ ಹಿಂದೆ ಒಂದು ಮಾಡಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಮೊದಲಿನಿಂದ, ಹೀಗೆ ಮೂರು ಸುತ್ತು, ಇದೇ ನನ್ನ ಸರ್ಕ್ಯೂಟ್. ದಮ್ಮು (ತಾಳಿಕೆ) ಹೆಚ್ಚಿದೆ. ತೋಳು, ಎದೆ ಮಾತ್ರ ಇದ್ದ ಹಾಗೇ ಇವೆ.

ಸ್ನಾಯು ಬೆಳೆಯಬೇಕಾದರೆ ಅದು ಸುಸ್ತಾಗುವ ಹತ್ತಿರಕ್ಕೆ ಹೋಗಬೇಕು, ವಾರ ಕಳೆದಂತೆ ಭಾರವೋ ರೆಪ್ಸೋ (ಎಷ್ಟು ಸಲ ಮಾಡುತ್ತೇವೆ ಅನ್ನೋ ಲೆಕ್ಕ) ಏರುತ್ತಾ ಹೋಗಬೇಕು ಅಲ್ವಾ? ಸರ್ಕ್ಯೂಟ್‌ನಲ್ಲಿ ತೋಳು ಸೋಲುವ ಮುಂಚೆ ಉಸಿರೇ ಸೋಲುತ್ತದೆ. ಸುತ್ತಿನ ನಡುವೆ ಎರಡು ನಿಮಿಷ ಬಿಡಲಾ, ಇಲ್ಲ ಒಮ್ಮೆ ಕಾಲು ಒಮ್ಮೆ ತೋಳು ಅಂತ ಬದಲಿಸಿ ಮಾಡಲಾ? ದಂಡ ಹೊಡೆಯುವಾಗ ಬೆನ್ನಿಗೆ ಅಕ್ಕಿ ತುಂಬಿದ ಬ್ಯಾಗ್ ಹಾಕಿಕೊಂಡರೆ ಆಗುತ್ತಾ? (ಮನೆಯವರು ನಗುತ್ತಾರೆ, ನಗಲಿ.)

ಊಟದ್ದೂ ಒಂದು ಗೊಂದಲ. ದಿನಕ್ಕೆ ಕೆಜಿ ತೂಕಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಅಂತಾರೆ, 62 ಕೆಜಿಯ ನನಗೆ ಹತ್ತಿರ ಹತ್ತಿರ 100 ಗ್ರಾಂ. ಮುದ್ದೆ, ಹುರುಳಿ ಸಾರು, ಎರಡು ಮೊಟ್ಟೆ ತಿಂದರೆ ಅಷ್ಟಾಗಲ್ಲ. ಪೌಡರ್ ಬೇಡ.

ಮೈಸೂರಿನ ಗರಡಿಗೆ ಹೋಗುವವರು ಯಾರಾದರೂ ಇದ್ದರೆ ನೀವು ಏನು ತಿನ್ನುತ್ತೀರಿ ಹೇಳಿ. ಸುಮ್ನೆ 'ಜಿಮ್ ಸೇರು' ಅನ್ನಬೇಡಿ, ಟೈಮಿಲ್ಲ.