ಎದೆಯ ನಡುವೆ ಗಟ್ಟಿ ಗಂಟು: ಮೂಳೆಯೋ, ಗಡ್ಡೆಯೋ?

ಪ್ರಶ್ನೆ: ಡಾಕ್ಟ್ರೇ, ನನಗೆ 43 ವರ್ಷ. ಡಯಟ್ ಮಾಡಿ ಎಂಟು ಕೆಜಿ ಇಳಿದಿದ್ದೇನೆ. ಮೊನ್ನೆ ಸ್ನಾನ ಮಾಡುವಾಗ, ಎದೆ ಮುಗಿದು ಹೊಟ್ಟೆ ಶುರುವಾಗುವ ಜಾಗದಲ್ಲಿ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ನೋವಿಲ್ಲ. ಆದರೆ ಎರಡು ರಾತ್ರಿಯಿಂದ ನಿದ್ದೆಯೂ ಇಲ್ಲ.

ಮೂಳೆ ಡಾಕ್ಟರ್: ಸರಿಯಾಗಿ ನಟ್ಟನಡುವೆ, ಎದೆಮೂಳೆಗೆ ಅಂಟಿಕೊಂಡೇ ಇದ್ದರೆ ಅದು ಬಹುಶಃ ನಿಮ್ಮದೇ ಮೂಳೆ. ಎದೆಮೂಳೆಯ ತುದಿಯಲ್ಲಿ ಒಂದು ಚಿಕ್ಕ ಬಾಲವಿದೆ, ಕ್ಸಿಫಾಯ್ಡ್ ಅನ್ನುತ್ತೇವೆ. ಚಿಕ್ಕಂದಿನಲ್ಲಿ ಅದು ಕಿವಿಯ ಹಾಗೆ ಮೆತ್ತಗಿನ ಮೃದ್ವಸ್ಥಿ. ಸುಮಾರು 40ರ ಹೊತ್ತಿಗೆ ಗಟ್ಟಿಯಾಗುತ್ತದೆ. ಕೆಲವರಿಗೆ ತುದಿ ಮುಂದಕ್ಕೆ ಬಾಗಿರುತ್ತದೆ, ಇನ್ನು ಕೆಲವರಿಗೆ ಎರಡಾಗಿ ಸೀಳಿರುತ್ತದೆ. ಮೇಲಿನ ಕೊಬ್ಬು ಕರಗಿದ ಮೇಲೆ ಕೈಗೆ ಸಿಕ್ಕಿದೆ, ಅಷ್ಟೇ. ಪಕ್ಕಕ್ಕೆ ಜಾರುತ್ತಿದ್ದರೆ, ದೊಡ್ಡದಾಗುತ್ತಿದ್ದರೆ ಮಾತ್ರ ತೋರಿಸಲೇಬೇಕು. ಅನುಮಾನ ಹೋಗದಿದ್ದರೂ ಒಮ್ಮೆ ತೋರಿಸಿಬಿಡಿ, ನಿದ್ದೆಯಾದರೂ ಬರುತ್ತದೆ.

ಇನ್ನೊಬ್ಬರು: ಇದನ್ನು ಓದಿ ನಾನೂ ಪಕ್ಕೆಲುಬು ಎಣಿಸಿದೆ. ಹತ್ತೇ ಸಿಕ್ಕಿದವು! ಗಂಡಸರಿಗೆ ಒಂದು ಕಮ್ಮಿ ಅಂತಾರಲ್ಲ, ನಿಜಾನಾ?

ಮೂಳೆ ಡಾಕ್ಟರ್: ಸುಳ್ಳು. ಗಂಡಸಾಗಲಿ ಹೆಂಗಸಾಗಲಿ 12 ಜೊತೆ. ಎಲ್ಲೋ ಒಬ್ಬಿಬ್ಬರಿಗೆ ಕತ್ತಿನ ಬುಡದಲ್ಲಿ ಒಂದು ಜಾಸ್ತಿ ಇರುತ್ತದೆ. ಲೆಕ್ಕ ತಪ್ಪುವುದು ಮೇಲುಗಡೆ ಅಥವಾ ಕೆಳಗಡೆ. ಮೊದಲನೆಯದು ಕಾಲರ್ ಮೂಳೆಯ ಅಡಿಯಲ್ಲಿ ಅಡಗಿದೆ, ಬೆರಳಿಗೆ ಸಿಗುವುದೇ ಕಷ್ಟ. ನಾವೂ ಎರಡನೆಯದರಿಂದಲೇ ಎಣಿಸುತ್ತೇವೆ. ಗಂಟಲ ಕೆಳಗಿನ ಕುಳಿಯಿಂದ ಎದೆಮೂಳೆಯ ಮೇಲೆ ಬೆರಳು ಇಳಿಸಿ. ಸುಮಾರು 5 ಸೆಂ.ಮೀ. ಕೆಳಗೆ ಅಡ್ಡಲಾಗಿ ಒಂದು ಏಣು ಸಿಗುತ್ತದೆ. ಅಲ್ಲಿಂದ ಪಕ್ಕಕ್ಕೆ ಸರಿದರೆ ಎರಡನೇ ಪಕ್ಕೆಲುಬು. 11 ಮತ್ತು 12 ಮುಂದಿನವರೆಗೆ ಬರುವುದೇ ಇಲ್ಲ. ಬೆನ್ನಿನಿಂದ ಹೊರಟು ಪಕ್ಕೆಯ ಮಾಂಸದಲ್ಲೇ ಮುಗಿಯುತ್ತವೆ. ಮುಂದೆ ಹುಡುಕಿದರೆ ಎಲ್ಲಿಂದ ಸಿಗಬೇಕು?

ಮತ್ತೊಬ್ಬರು: ತಲೆ ಬಗ್ಗಿಸಿದರೆ ಕತ್ತಿನ ಹಿಂದೆ ಉಬ್ಬುತ್ತದಲ್ಲ, ಅದು?

ಮೂಳೆ ಡಾಕ್ಟರ್: ಸಾಮಾನ್ಯವಾಗಿ ಬೆನ್ನುಮೂಳೆಯ ಸಾಲಿನಲ್ಲಿ ಕತ್ತಿನ ಏಳನೇ ಮಣಿ, ಅಂದರೆ ಕತ್ತಿನ ಕೊನೆಯದು. ಜಿರಾಫೆಗೂ ಕತ್ತಿನಲ್ಲಿ ಏಳೇ ಮಣಿ, ಉದ್ದ ಮಾತ್ರ ಜಾಸ್ತಿ.

ಮೊದಲು ಕೇಳಿದವರು: ಥ್ಯಾಂಕ್ಸ್ ಡಾಕ್ಟ್ರೇ. ಜಾರುತ್ತಿಲ್ಲ, ನಟ್ಟನಡುವೆಯೇ ಇದೆ. ಆದರೆ ಈಗ ಮುಟ್ಟಿದರೆ ನೋಯುತ್ತಿದೆ.

ಮೂಳೆ ಡಾಕ್ಟರ್: ಎರಡು ದಿನದಿಂದ ಎಷ್ಟು ಸಲ ಒತ್ತಿ ನೋಡಿದಿರಿ?

ಮೊದಲು ಕೇಳಿದವರು: ...ಲೆಕ್ಕ ಇಟ್ಟಿಲ್ಲ.

ಮೂಳೆ ಡಾಕ್ಟರ್: ಒಂದು ವಾರ ಕೈ ಹಾಕಬೇಡಿ. ಆಮೇಲೂ ನೋವಿದ್ದರೆ ಹತ್ತಿರದ ಡಾಕ್ಟರಿಗೆ ತೋರಿಸಿ.