ನಿಂತ ಕಡೆಯೆಲ್ಲ ಕಾಮಾ ಹಾಕಿದೆ, ಎಲ್ಲವೂ ತಪ್ಪಂತೆ: ಇಂಗ್ಲಿಷ್ ವಾಕ್ಯಗಳಿಗೆ ಸಹಾಯ ಬೇಕು

ಕಾಮಾಕಾಟ:
ಎಲ್ಲರಿಗೂ ನಮಸ್ಕಾರ. ಕೆಲಸದ ಮೇಲ್‌ಗಳನ್ನು ಇಂಗ್ಲಿಷಿನಲ್ಲೇ ಬರೆಯಬೇಕು. ಕಾಲ, ವಚನ ಎಲ್ಲ ಒಂದು ಮಟ್ಟಿಗೆ ಸರಿ ಇರುತ್ತದೆ. ಆದರೆ ನಿನ್ನೆ ನಮ್ಮ ಟೀಮ್ ಲೀಡ್ ಡ್ರಾಫ್ಟ್ ವಾಪಸ್ ಕಳಿಸಿದರು. ಎರಡು ಕಡೆ 'ಕಾಮಾ ಸ್ಪ್ಲೈಸ್', ಒಂದು ಕಡೆ 'ಫ್ರ್ಯಾಗ್ಮೆಂಟ್' ಅಂತ ಬರೆದಿದ್ದಾರೆ. ಇನ್ನೊಂದಕ್ಕೆ ಸುಮ್ನೆ ಪ್ರಶ್ನಾರ್ಥಕ ಚಿಹ್ನೆ. ಶಾಲೆಯಲ್ಲಿ ಹೇಳಿಕೊಟ್ಟದ್ದು ಒಂದೇ ನಿಯಮ: ಓದುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀಯೋ ಅಲ್ಲಿ ಕಾಮಾ. ಹಾಗೇ ಹಾಕಿದ್ದೆ. ಆ ನಾಲ್ಕು ವಾಕ್ಯ ಇವು:

1. ಐ ಫಿನಿಶ್ಡ್ ದ ರಿಪೋರ್ಟ್, ಐ ಸೆಂಟ್ ಇಟ್ ಟು ದ ಕ್ಲೈಂಟ್.
2. ದ ಟೆಸ್ಟ್ ಫೇಲ್ಡ್, ಹೌಎವರ್ ವಿ ಫೌಂಡ್ ದ ಕಾಸ್.
3. ವಿ ಸ್ಟಾಪ್ಡ್ ದ ವರ್ಕ್. ಬಿಕಾಸ್ ದ ಸರ್ವರ್ ವಾಸ್ ಡೌನ್.
4. ದ ಫೈಲ್ಸ್ ವಿಚ್ ಯು ಸೆಂಟ್ ಯೆಸ್ಟರ್ಡೇ, ಆರ್ ನಾಟ್ ಓಪನಿಂಗ್.

ಮೂರನೆಯದರಲ್ಲಿ ಕಾಮಾನೇ ಇಲ್ಲ, ಆದರೂ ತಪ್ಪಂತೆ!

ಹಳೇಪ್ರೂಫ್:
ಮೊದಲು ಆ ಉಸಿರಿನ ನಿಯಮ ಮರೆತುಬಿಡಿ. ನಿಮ್ಮ ಉಸಿರು ಬೇರೆ, ನನ್ನ ಉಸಿರು ಬೇರೆ. ಉಸಿರು ಎಣಿಸುವ ಬದಲು ಕ್ರಿಯಾಪದ ಎಣಿಸಿ.

ನಿಮ್ಮ ಒಂದನೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡೋಣ. 'ರಿಪೋರ್ಟ್ ಮುಗಿಸಿ, ಕ್ಲೈಂಟ್‌ಗೆ ಕಳಿಸಿದೆ.' ಇದರಲ್ಲಿ ಪೂರ್ತಿಯಾದ ಕ್ರಿಯಾಪದ 'ಕಳಿಸಿದೆ' ಒಂದೇ. 'ಮುಗಿಸಿ' ಅರ್ಧದಲ್ಲಿ ನಿಂತಿದೆ, ಮುಂದಿನದಕ್ಕೆ ಕಾಯುತ್ತಿದೆ. ನಾವು ಎದ್ದು, ಸ್ನಾನ ಮಾಡಿ, ತಿಂದು, ಹೊರಟು ಅಂತ ಎಷ್ಟು ಬೇಕಾದರೂ ಪೋಣಿಸಬಹುದು. ಕೊನೆಗೆ ಒಂದು ಪೂರ್ತಿ ಕ್ರಿಯಾಪದ ಬಂದರೆ ಸಾಕು. ಇಂಗ್ಲಿಷಿಗೆ ಬಂದಾಗ ಆ 'ಮುಗಿಸಿ' ನಿಮ್ಮ ಕೈಯಲ್ಲಿ 'ಐ ಫಿನಿಶ್ಡ್' ಆಯಿತು. ಅದು ಅರ್ಧ ಅಲ್ಲ, ಪೂರ್ತಿ ವಾಕ್ಯ. ಈಗ ಎರಡು ಪೂರ್ತಿ ವಾಕ್ಯಗಳನ್ನು ಬರೀ ಒಂದು ಕಾಮಾ ಹಿಡಿದುಕೊಂಡಿದೆ. ಅದೇ ಕಾಮಾ ಸ್ಪ್ಲೈಸ್. ನನ್ನ ಕೈಗೆ ಬರುವ ಡ್ರಾಫ್ಟ್‌ಗಳಲ್ಲಿ ಇಷ್ಟು ಜಾಸ್ತಿ ಕಾಣುವ ತಪ್ಪು ಇನ್ನೊಂದಿಲ್ಲ.

ಎರಡನೆಯದೂ ಇದೇ ಕಾಯಿಲೆ, ವೇಷ ಬೇರೆ. ನಮ್ಮ 'ಆದರೆ' ಇಂಗ್ಲಿಷಿನಲ್ಲಿ 'ಬಟ್' ಕೂಡ ಹೌದು, 'ಹೌಎವರ್' ಕೂಡ ಹೌದು. ಅರ್ಥ ಒಂದೇ ಆದರೂ ಕೆಲಸ ಒಂದೇ ಅಲ್ಲ. 'ಬಟ್'ಗೆ ಎರಡು ವಾಕ್ಯ ಕಟ್ಟುವ ಶಕ್ತಿ ಇದೆ, 'ಹೌಎವರ್'ಗೆ ಇಲ್ಲ. ಅದರ ಮುಂಚೆ ಫುಲ್‌ಸ್ಟಾಪ್ ಅಥವಾ ಸೆಮಿಕೋಲನ್ ಬೇಕು, ಆಮೇಲೆ ಕಾಮಾ: ದ ಟೆಸ್ಟ್ ಫೇಲ್ಡ್; ಹೌಎವರ್, ವಿ ಫೌಂಡ್ ದ ಕಾಸ್.

ಕಟ್ಟುವ ಶಕ್ತಿ ಇರುವವು ಏಳೇ: ಫಾರ್, ಆಂಡ್, ನಾರ್, ಬಟ್, ಆರ್, ಯೆಟ್, ಸೋ. ಇಂಗ್ಲಿಷಿನಲ್ಲಿ ಇವುಗಳ ಮೊದಲಕ್ಷರ ಸೇರಿಸಿ 'ಫ್ಯಾನ್‌ಬಾಯ್ಸ್' ಅಂತ ನೆನಪಿಟ್ಟುಕೊಳ್ಳುತ್ತಾರೆ.

ಮೂರನೆಯದು: ಕನ್ನಡದಲ್ಲಿ 'ಕೆಲಸ ನಿಲ್ಲಿಸಿದೆವು. ಯಾಕಂದರೆ ಸರ್ವರ್ ಕೆಟ್ಟಿತ್ತು' ಅಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಇಂಗ್ಲಿಷಿನ 'ಬಿಕಾಸ್' ತುಂಡು ಒಂಟಿಯಾಗಿ ನಿಲ್ಲುವುದಿಲ್ಲ. ಹಾಗೆ ಒಂಟಿಯಾಗಿ ಬಿಟ್ಟ ತುಂಡೇ ಫ್ರ್ಯಾಗ್ಮೆಂಟ್. ಫುಲ್‌ಸ್ಟಾಪ್ ತೆಗೆದು ಹಿಂದಿನ ವಾಕ್ಯಕ್ಕೆ ಸೇರಿಸಿ, ಕಾಮಾನೂ ಬೇಡ. 'ಬಿಕಾಸ್' ಭಾಗ ಮೊದಲು ಬಂದರೆ ಮಾತ್ರ ಅದು ಮುಗಿದ ಕಡೆ ಕಾಮಾ ಹಾಕಿ.

ನಾಲ್ಕನೆಯದಕ್ಕೆ ಆಮೇಲೆ ಬರುತ್ತೇನೆ, ಅದು ಸ್ವಲ್ಪ ಸೂಕ್ಷ್ಮ.

ಕಾಮಾಕಾಟ:
ಸಾರ್, ಕಣ್ಣು ತೆರೆಸಿದಿರಿ. ಹಾಗಾದರೆ ಒಂದನೆಯದರಲ್ಲಿ ಕಾಮಾ ತೆಗೆದರೆ ಆಯಿತಲ್ವಾ? 'ಐ ಫಿನಿಶ್ಡ್ ದ ರಿಪೋರ್ಟ್ ಐ ಸೆಂಟ್ ಇಟ್ ಟು ದ ಕ್ಲೈಂಟ್.'

ಹಳೇಪ್ರೂಫ್:
ಅಯ್ಯೋ, ಇದು ಇನ್ನೂ ಕೆಟ್ಟದು! ಇದ್ದ ಒಂದು ಗೆರೆಯೂ ಹೋಯಿತು. ಇದನ್ನು ರನ್-ಆನ್ ಅನ್ನುತ್ತಾರೆ. ಹೀಗೆ ಮಾಡಿ: ಐ ಫಿನಿಶ್ಡ್ ದ ರಿಪೋರ್ಟ್, ಆಂಡ್ ಐ ಸೆಂಟ್ ಇಟ್ ಟು ದ ಕ್ಲೈಂಟ್. ಎರಡನೇ 'ಐ' ತೆಗೆದರೆ ಕಾಮಾನೂ ಹೋಗುತ್ತದೆ: ಐ ಫಿನಿಶ್ಡ್ ದ ರಿಪೋರ್ಟ್ ಆಂಡ್ ಸೆಂಟ್ ಇಟ್ ಟು ದ ಕ್ಲೈಂಟ್. ನನಗೆ ಇದೇ ಇಷ್ಟ.

ಈಗ ನಾಲ್ಕು. 'ದ ಫೈಲ್ಸ್ ವಿಚ್ ಯು ಸೆಂಟ್ ಯೆಸ್ಟರ್ಡೇ' ಇಷ್ಟೂ ಸೇರಿ ಒಂದೇ ಕರ್ತೃ. ಕರ್ತೃ ಎಷ್ಟು ಉದ್ದ ಇದ್ದರೂ ಅದಕ್ಕೂ ಕ್ರಿಯಾಪದಕ್ಕೂ ಮಧ್ಯೆ ಒಂಟಿ ಕಾಮಾ ಬರಬಾರದು. ಕಾಮಾ ಇಲ್ಲದೆ ಬರೆದರೆ 'ನೀವು ನಿನ್ನೆ ಕಳಿಸಿದ ಫೈಲುಗಳು ಮಾತ್ರ ತೆರೆಯುತ್ತಿಲ್ಲ, ಬೇರೆಯವು ಸರಿ ಇವೆ' ಅಂತ. 'ವಿಚ್' ಮುಂಚೆ ಒಂದು, 'ಯೆಸ್ಟರ್ಡೇ' ಆದಮೇಲೆ ಒಂದು ಹಾಕಿದರೆ ಅರ್ಥವೇ ಬೇರೆ: 'ಫೈಲುಗಳು ತೆರೆಯುತ್ತಿಲ್ಲ, ಅಂದಹಾಗೆ ಅವನ್ನು ನೀವು ಕಳಿಸಿದ್ದು ನಿನ್ನೆ.' ಎರಡು ಹಾಕಿ, ಇಲ್ಲ ಒಂದೂ ಹಾಕಬೇಡಿ. ಕನ್ನಡದಲ್ಲಿ 'ಕಳಿಸಿದ ಫೈಲು' ಎಂದು ವಿಶೇಷಣ ಮುಂದೆಯೇ ಬರುವುದರಿಂದ ನಮಗೆ ಈ ತಲೆನೋವು ಇಲ್ಲ. ಒಂದು ಮಾತು, ಕಾಮಾ ಇಲ್ಲದ ಕಡೆ ಅಮೆರಿಕನ್ ಸಂಪಾದಕರು 'ವಿಚ್' ಬದಲು 'ದ್ಯಾಟ್' ಕೇಳುತ್ತಾರೆ.

ಅರ್ಧವಿರಾಮ:
ಮಧ್ಯೆ ಬಾಯಿ ಹಾಕುತ್ತೇನೆ. ಪಟ್ಟಿಯಲ್ಲಿ ಕೊನೆಯ 'ಆಂಡ್' ಮುಂಚೆ ಕಾಮಾ ಬೇಕಾ ಬೇಡ್ವಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಹಳೇಪ್ರೂಫ್:
ಅದಕ್ಕೆ ಆಕ್ಸ್‌ಫರ್ಡ್ ಕಾಮಾ ಅಂತ ಹೆಸರು. ಪತ್ರಿಕೆಯವರು ಹೆಚ್ಚಾಗಿ ಬಿಡುತ್ತಾರೆ, ಪುಸ್ತಕದವರಲ್ಲಿ ತುಂಬಾ ಜನ ಹಾಕುತ್ತಾರೆ. ನಾನು ಹಾಕುವ ಪಕ್ಷ. ಅಮೆರಿಕದ ಮೇನ್ ರಾಜ್ಯದಲ್ಲಿ ಓಕ್‌ಹರ್ಸ್ಟ್ ಡೇರಿಯ ಚಾಲಕರು ಓವರ್‌ಟೈಮ್ ಹಣಕ್ಕೆ ಕೇಸು ಹಾಕಿದ್ದರು. ಓವರ್‌ಟೈಮ್ ಇಲ್ಲದ ಕೆಲಸಗಳ ಪಟ್ಟಿ ಕಾನೂನಿನಲ್ಲಿ 'ಪ್ಯಾಕಿಂಗ್ ಫಾರ್ ಶಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದು ಮುಗಿಯುತ್ತಿತ್ತು. 'ಆರ್' ಮುಂಚೆ ಕಾಮಾ ಇರಲಿಲ್ಲ. ಹಂಚುವುದೂ ಪಟ್ಟಿಯಲ್ಲಿದೆಯೋ, ಅಥವಾ ಹಂಚುವುದಕ್ಕಾಗಿ ಪ್ಯಾಕ್ ಮಾಡುವುದು ಮಾತ್ರವೋ? ಚಾಲಕರು ಹಂಚುತ್ತಿದ್ದರು, ಪ್ಯಾಕ್ ಮಾಡುತ್ತಿರಲಿಲ್ಲ. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ಚಾಲಕರ ಕಡೆ ನಿಂತಿತು. 2018ರಲ್ಲಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಹಾಕುವುದೋ ಬಿಡುವುದೋ ನಿಮ್ಮಿಷ್ಟ, ಒಂದೇ ಬರಹದಲ್ಲಿ ಎರಡೂ ಬೇಡ.

ಕಾಮಾಕಾಟ:
ನಾಲ್ಕನ್ನೂ ತಿದ್ದಿ ಕಳಿಸಿದೆ, ಟೀಮ್ ಲೀಡ್ ಏನೂ ಅನ್ನಲಿಲ್ಲ. ಧೈರ್ಯ ಬಂದು ಹೊಸದೊಂದು ಬರೆದೆ, ನೋಡಿ: ಆಫ್ಟರ್ ಫಿನಿಶಿಂಗ್ ದ ರಿಪೋರ್ಟ್, ದ ಕ್ಲೈಂಟ್ ಕಾಲ್ಡ್ ಮಿ. ಕಾಮಾ ಸರಿ ಇದೆಯಲ್ವಾ?

ಹಳೇಪ್ರೂಫ್:
ಕಾಮಾ ನೂರಕ್ಕೆ ನೂರು ಸರಿ. ಆದರೆ ರಿಪೋರ್ಟ್ ಮುಗಿಸಿದ್ದು ಈಗ ಕ್ಲೈಂಟ್ ಆಗಿಹೋಯಿತು! ಕನ್ನಡದಲ್ಲಿ 'ಮುಗಿಸಿದ ಮೇಲೆ ಕ್ಲೈಂಟ್ ಫೋನ್ ಮಾಡಿದರು' ಅಂದರೆ ಮುಗಿಸಿದ್ದು ನಾನು ಎಂದುಕೊಳ್ಳಬಹುದು. ಇಂಗ್ಲಿಷಿನಲ್ಲಿ ಕಾಮಾ ದಾಟಿದ ಕೂಡಲೇ ಯಾರು ಸಿಗುತ್ತಾರೋ ಅವರೇ ಕೆಲಸ ಮಾಡಿದವರು. 'ಆಫ್ಟರ್ ಐ ಫಿನಿಶ್ಡ್ ದ ರಿಪೋರ್ಟ್, ದ ಕ್ಲೈಂಟ್ ಕಾಲ್ಡ್ ಮಿ' ಅಂತ ಮಾಡಿ.

ಕಾಮಾಕಾಟ:
ಈಗಾಗಲೇ ಕಳಿಸಿಬಿಟ್ಟಿದ್ದೇನೆ, ಸಾರ್. ಅದೂ ಕ್ಲೈಂಟ್‌ಗೇ.